ಹಾರಿಕೊಂಡೇ ಹೋಗಬೇಕು ಎಂಬ ಷರತ್ತು

ನಮ್ಮ ಬೈಲಹೊಂಗಲದಲ್ಲಿ ಹಳೇ ಟ್ರ್ಯಾಕ್ಟರು, ಹಳೇ ಪಂಪು ಮಾರಿಸಿಕೊಡುವ ದಂಧೆಗೆ ಹೊಸದಾಗಿ ಇಳಿದಿರುವ ಇಬ್ಬರು ತರುಣರು ಆಗಾಗ ಮನೆಗೆ ಬರುತ್ತಾರೆ. “ಕಾಕಾ, ನಿಮ್ಮ ಕಾಲದಾಗ ಈ ಕೆಲಸ ಹೆಂಗ ಇತ್ತು, ಒಂದಿಷ್ಟು ಬರದ ಇಡ್ರಿ” ಎನ್ನುತ್ತಾರೆ. ಅವರಿಗೆ ಮಷೀನಿನ ಚಿತ್ರ ಫೋನಿಗೇ ಬರುತ್ತದೆ, ಗಿರಾಕಿಯೂ ಅದರಲ್ಲೇ ಸಿಗುತ್ತಾನೆ. ನಾನು ಅದೇ ಕೆಲಸವನ್ನು ನಡೆದು ಮಾಡಿದವನು. ಈಗ ಮೆಟ್ಟಿಲು ಹತ್ತುವಾಗಲೆಲ್ಲ ಮೊಣಕಾಲುಗಳು ಅದನ್ನು ನೆನಪಿಸುತ್ತವೆ. ಬರೆಯುವುದಕ್ಕೂ ಬೇಸರವೇ. ಆದರೂ ಕೇಳಿದ್ದಾರೆಂದು ಬರೆಯುತ್ತಿದ್ದೇನೆ.

ನಾನಿದ್ದದ್ದು ಗುರುಸಿದ್ದಪ್ಪ ಸಾವಕಾರರ ಅಂಗಡಿಯಲ್ಲಿ. ಹಳೇ ಯಂತ್ರಗಳನ್ನು ಕೊಡಿಸುವುದು, ಬಿಡಿಸುವುದು ನಮ್ಮ ವ್ಯವಹಾರ. ಸಾವಕಾರರು ಅಂಗಡಿಯ ಗಾದಿ ಬಿಟ್ಟು ಏಳುತ್ತಿರಲಿಲ್ಲ. ಊರೂರು ತಿರುಗುವವನು ನಾನು. ಎಣ್ಣೆ ಇಂಜಿನ್ನು, ಹತ್ತಿ ಹಿಂಜುವ ಮಷೀನು, ಕಿತ್ತೂರ ಕಡೆಯ ಅಕ್ಕಿ ಗಿರಣಿ, ರಾಮದುರ್ಗದ ಕಡೆಯ ಕಬ್ಬಿನ ಗಾಣ. ಕೆಲಸದ ಮುಕ್ಕಾಲು ಪಾಲು ಕಾಯುವುದು. ಬಸ್ಸಿಗೆ ಕಾಯುವುದು, ಮನೆಯ ಹಿರಿಯರು ಪೂಜೆ ಮುಗಿಸಿ ಹೊರಗೆ ಬರಲೆಂದು ಕಾಯುವುದು, ಚಹಾ ಕುಡಿದು ಊರ ಸುದ್ದಿ ಆಡಿ ಮೂಲ ಮಾತಿಗೆ ಬರಲೆಂದು ಕಾಯುವುದು.

ಸಂಪಗಾಂವದಲ್ಲಿ ಒಬ್ಬ ರೈತರು ಇಂಜಿನ್ನು ಮಾರಲು ಕರೆಸಿದ್ದರು. ಮೂರು ಸಲ ಮೂರು ಗಿರಾಕಿಗಳನ್ನು ಕರೆದುಕೊಂಡು ಹೋದೆ. ಮೂರು ಸಲವೂ ಇಂಜಿನ್ನು ಚಾಲೂ ಆಗಲಿಲ್ಲ. ನಾಲ್ಕನೆಯ ಸಲ ನಾನೊಬ್ಬನೇ ಮುಂಜಾನೆ ಹೋದಾಗ ಆ ರೈತರ ಮುದಿ ತಾಯಿ ಬಾವಿಯ ಹತ್ತಿರ ಕೂತು ಡೀಸೆಲ್ ಬರದಂತೆ ಕೊಳವೆಯ ತಿರುಪು ಬಿಗಿಯುತ್ತಿದ್ದರು. ನನ್ನನ್ನು ಕಂಡು ಹೆದರಲಿಲ್ಲ. “ಅದರ ಸಪ್ಪಳ ಇಲ್ಲಂದ್ರ ನನಗ ಹೊಲಾ ಹೊಲಾ ಅನಸೂದಿಲ್ಲಪಾ” ಎಂದರು. ಮಾರಲು ಕರೆಸಿದವರು ಒಬ್ಬರಾದರೆ, ಮಾರಬಾರದು ಎನ್ನುವವರು ಆ ಮನೆಯಲ್ಲೇ ಇನ್ನೊಬ್ಬರಿರುತ್ತಾರೆ ಎಂಬುದು ನನಗೆ ಅವತ್ತು ತಿಳಿಯಿತು.

ಕಿತ್ತೂರಿನಲ್ಲಿ ನಾನು ಮಾಡಿದ ಎಡವಟ್ಟು ಬೇರೆ. ಅಕ್ಕಿ ಗಿರಣಿ ಒಂದನ್ನು ಮಾತಾಡಿ ಮುಗಿಸಿ, ಲಾರಿ ಹಮಾಲರನ್ನು ಕರೆದುಕೊಂಡು ಹೋದರೆ ಮಷೀನು ಬಾಗಿಲಲ್ಲಿ ಹೊರಗೆ ಬರಲೊಲ್ಲದು. ಮಷೀನನ್ನು ಮೊದಲು ನಿಲ್ಲಿಸಿ, ಅದರ ಸುತ್ತ ಗೋಡೆ ಕಟ್ಟಿದ್ದರು. ನಾನು ಅಳತೆ ನೋಡಿರಲಿಲ್ಲ. ಗೋಡೆ ಒಡೆಯಬೇಕಾಯಿತು. ಮಾರಿದವರು, ಕೊಂಡವರು ಇಬ್ಬರೂ ಒಂದೇ ದಿನ ನನ್ನನ್ನು ಬೈದರು.

ಸಾವಕಾರರ ಹತ್ತಿರ ಇದ್ದ ಉಪಾಯ ಒಂದೇ, ಬಣ್ಣ. ಯಾವ ಮಷೀನು ಬಂದರೂ “ಮಲ್ಯಾ, ಮೊದಲ ಬಣ್ಣಾ ಹಚ್ಚು. ಗಿರಾಕಿ ಕಣ್ಣಿಲೆ ನೋಡಿ ಕೊಳ್ಳತಾನ” ಎನ್ನುತ್ತಿದ್ದರು. ಹಸಿರು ಎಣ್ಣೆ ಬಣ್ಣದ ಡಬ್ಬಿ, ಎರಡು ಬ್ರಷ್ಷು ನನ್ನ ಚೀಲದಲ್ಲಿ ಸದಾ ಇರುತ್ತಿದ್ದವು. ಆ ಬಣ್ಣದಿಂದ ನಾನು ಮಾಡಿದ ದೊಡ್ಡ ತಪ್ಪಿನ ಕಥೆಯನ್ನೇ ಈಗ ಹೇಳಬೇಕಾಗಿದೆ.

ಎಪ್ಪತ್ತರ ದಶಕದ ನಡುವಿನ ವರ್ಷಗಳು. ನವಿಲುತೀರ್ಥದ ಅಣೆಕಟ್ಟಿನಲ್ಲಿ ನೀರು ನಿಂತು ಕೆಲವೇ ವರ್ಷಗಳಾಗಿದ್ದವು. ಸುರೇಬಾನದ ಆಚೆಗಿನ ಒಂದು ಹಳ್ಳಿಯಿಂದ ಶಿವನಗೌಡರು ಹೇಳಿ ಕಳಿಸಿದರು, ಒಂದು ಮಷೀನು ಮಾರುವುದಿದೆ ಎಂದು. ಹೋದೆ. ಊರ ಹೊರಗಿನ ಹೊಲದಲ್ಲಿ ತಗಡಿನ ಶೆಡ್ಡು. ಬಾಗಿಲು ಎಳೆದಾಗ ಒಳಗೆ ನಿಂತಿದ್ದದ್ದು ವಿಮಾನ.

ಎರಡೇ ಸೀಟಿನ ಸಣ್ಣ ವಿಮಾನ. ಒಂದರ ಹಿಂದೆ ಒಂದು ಸೀಟು. ರೆಕ್ಕೆಗಳು ತಲೆಯ ಮೇಲೆ. ಮುಟ್ಟಿ ನೋಡಿದರೆ ತಗಡಲ್ಲ, ಬಟ್ಟೆ! ಕಟ್ಟಿಗೆಯ ಹಂದರದ ಮೇಲೆ ಬಟ್ಟೆ ಬಿಗಿದು, ಅದರ ಮೇಲೆ ಡೋಪ್ ಎಂಬ ಘಾಟು ವಾಸನೆಯ ದ್ರಾವಣ ಹಚ್ಚಿ ಡೋಲಿನ ಚರ್ಮದ ಹಾಗೆ ಬಿಗಿ ಮಾಡಿದ್ದರು. ನಾನು ಬೆರಳಿನಿಂದ ಬಡಿದೆ. ಸದ್ದೂ ಡೋಲಿನದೇ.

ಗೌಡರಿಗೆ ಆಗ ಐವತ್ತೈದು ದಾಟಿರಬೇಕು. ತರುಣರಿದ್ದಾಗ ವಿಮಾನ ಹಾರಿಸಲು ಕಲಿತವರು. ಎಲ್ಲಿಯೋ ಮುಚ್ಚಿಹೋದ ಹಾರಾಟದ ಕ್ಲಬ್ಬೊಂದರ ಲಿಲಾವಿನಲ್ಲಿ ಕೂಗಿ ಇದನ್ನು ಹಿಡಿದು ತಂದಿದ್ದರು. ಹೊಲದ ಎತ್ತರದ ಪಟ್ಟಿಯಲ್ಲಿ ಗರಸು ಕಲ್ಲುಮಣ್ಣು ಹಾಕಿ ಗಟ್ಟಿ ಮಾಡಿಸಿ, ಅಲ್ಲಿಂದ ಹಾರಿ, ಅಲ್ಲೇ ಇಳಿಯುತ್ತಿದ್ದರು. ಈಗ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಬೆಳಗಾವಿಯ ಡಾಕ್ಟರು ಪರೀಕ್ಷೆ ಮಾಡಿ, ಇನ್ನು ನೀವು ಹಾರಿಸುವಂತಿಲ್ಲ ಎಂದು ಬರೆದು ಕೊಟ್ಟಿದ್ದರು.

“ಮಲ್ಲಪ್ಪ, ಕೊಡೂದು ಖರೆ. ಆದರ ಒಂದ್ ಷರತ್ತು ಐತಿ” ಎಂದರು ಗೌಡರು. “ಇದು ಹಾರಿಕೊಂಡ ಹೋಗಬೇಕು. ಬಿಚ್ಚಿ, ಲಾರಿ ಮ್ಯಾಲ ಹೇರಿಕೊಂಡು ಹೋಗಾಂವಗ ನಾ ಕೊಡೂದಿಲ್ಲ.”

ನಾನು ಹೂಂ ಎಂದೆ. ಯಾವ ಕೆಲಸಕ್ಕೆ ಹೂಂ ಎನ್ನುತ್ತಿದ್ದೇನೆಂಬುದು ನನಗೆ ಗೊತ್ತಿರಲಿಲ್ಲ.

ಗೌಡರೇ ಇಂಗ್ಲಿಷ್ ಪತ್ರಿಕೆಗೆ ಜಾಹೀರಾತು ಬರೆದು ಕಳಿಸಿದರು. ಉತ್ತರಗಳು ನಮ್ಮ ಅಂಗಡಿಯ ವಿಳಾಸಕ್ಕೆ ಬರುತ್ತಿದ್ದವು. ಬಂದವರನ್ನು ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ, ಅಲ್ಲಿಂದ ಸುರೇಬಾನ ಎಂದು ಬಸ್ಸು ಬದಲಿಸುತ್ತಾ ಕರೆದುಕೊಂಡು ಹೋಗುವುದು ನನ್ನ ಪಾಲಿಗೆ ಬಂತು. ಮೊದಲು ಬಂದವರು ಸಿನಿಮಾದವರು. ಪರದೆಯ ಮೇಲೆ ಸುಡಲು ಅವರಿಗೊಂದು ವಿಮಾನ ಬೇಕಾಗಿತ್ತು. ಗೌಡರು ಅವರಿಗೆ ಚಹಾ ಕುಡಿಸಿ ಕಳಿಸಿದರು. ಆಮೇಲೆ ಹೆದ್ದಾರಿಯಲ್ಲಿ ಖಾನಾವಳಿ ಇಟ್ಟವರೊಬ್ಬರು ಬಂದರು. ಮಾಳಿಗೆಯ ಮೇಲೆ ನಿಲ್ಲಿಸಿದರೆ ದೂರದಿಂದ ಕಾಣುತ್ತದಂತೆ. ಅವರಿಗೆ ಚಹಾ ಸಹ ಸಿಗಲಿಲ್ಲ. ಒಬ್ಬರು ಬರೀ ಇಂಜಿನ್ನು ಕೊಡಿ ಎಂದರು. ಇನ್ನೊಬ್ಬರು ಎಲ್ಲ ನೋಡಿ, ಸೀಟಿನಲ್ಲಿ ಕೂತು, ಫೋಟೊ ತೆಗೆಸಿಕೊಂಡು ಹೋದವರು ಮತ್ತೆ ಪತ್ರವನ್ನೇ ಬರೆಯಲಿಲ್ಲ. ಹೀಗೆ ಒಂದು ವರ್ಷ ಕಳೆಯಿತು. ಪ್ರತಿ ಸಲ ತಿರುಗಿ ಬರುವಾಗ ಬಸ್ಸಿನಲ್ಲಿ ನನ್ನ ತಲೆ ಕಿಟಕಿಗೆ ಬಡಿದು ಎಚ್ಚರಾಗುವಷ್ಟು ದಣಿವು.

ಸಾವಕಾರರು ಸಿಟ್ಟಾದರು. “ಎಷ್ಟ ದಿನಾ ಅದನ್ನ ಹಿಡಕೊಂಡ ಕುಂದರತಿ? ಬಣ್ಣಾ ಹಚ್ಚೀದಿ?”

“ಇಲ್ರಿ.”

“ಹಂಗಾರ ಯಾರು ತಗೋತಾರೋ ಅದನ್ನ? ಹೋಗು, ಹಚ್ಚು.”

ಪುಣೆಯ ಜೋಶಿ ಎಂಬವರು ಪತ್ರ ಬರೆದಿದ್ದರು. ಹಾರಾಟ ಕಲಿಸುವ ಸಣ್ಣ ಶಾಲೆ ಅವರದು. ಸ್ವತಃ ಹಾರಿಸುವವರು. ಬೆಳಗಾವಿಯ ಒಬ್ಬ ಇಂಜಿನಿಯರರನ್ನು ಕರೆದುಕೊಂಡು ನೋಡಲು ಬರುತ್ತೇವೆ ಎಂದಿದ್ದರು. ಒಂದು ವರ್ಷದಲ್ಲಿ ಹಾರಿಸಿಕೊಂಡು ಹೋಗಬಲ್ಲ ಗಿರಾಕಿ ಬಂದದ್ದು ಅದೇ ಮೊದಲು. ಅವರು ಬರುವ ಮೊದಲೇ ನಾನು ಬಣ್ಣದ ಡಬ್ಬಿ ತೆಗೆದುಕೊಂಡು ಹೋದೆ. ಗೌಡರು ಕಣ್ಣು ತೋರಿಸಲು ಮಿರಜಿಗೆ ಹೋಗಿದ್ದರು. ಶೆಡ್ಡಿನ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಎರಡು ದಿನ ಅಲ್ಲೇ ಉಳಿದು ಬಾಲ, ರೆಕ್ಕೆ, ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡುವ ತುಂಡುಗಳು ಎಲ್ಲಕ್ಕೂ ಎರಡೆರಡು ಸಲ ಹಚ್ಚಿದೆ. ಮುಗಿಸಿ ದೂರ ನಿಂತು ನೋಡಿದರೆ ಥಳಥಳ ಹೊಳೆಯುತ್ತಿತ್ತು. ನನಗೆ ಹೆಮ್ಮೆಯೇ ಆಯಿತು.

ಬಾಗಿಲಲ್ಲಿ ಯಾರೋ ನಿಂತಂತಾಯಿತು. ಗೌಡರ ಹೆಂಡತಿ ನೀಲವ್ವ. ನಾನು ಅವರನ್ನು ಅಕ್ಕಾರ ಎನ್ನುತ್ತಿದ್ದೆ. ಊಟಕ್ಕೆ ಕರೆಯಲು ಬಂದಿದ್ದರು. ಒಳಗೆ ಬಂದು ರೆಕ್ಕೆಯ ಕೆಳಗೆ ನಿಂತು, ಕೈ ಎತ್ತಿ, ಹಸಿ ಬಣ್ಣವನ್ನು ಬೆರಳಿನಿಂದ ಮುಟ್ಟಿ ನೋಡಿದರು.

“ಇದನ್ಯಾಕ ಮಾಡಿದ್ಯೋ ಮಲ್ಲಪ್ಪ?”

“ಚಂದ ಕಾಣಸ್ಲಿ ಅಂತ್ರಿ ಅಕ್ಕಾರ.”

“ಇದರ ಹೊಲಿಗಿ ಎಲ್ಲಾ ನನ್ನದು” ಎಂದರು. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಹೊರಟುಹೋದರು. ಊಟದ ಮಾತು ಇಬ್ಬರಿಗೂ ಮರೆತುಹೋಯಿತು.

ಮೂರನೆಯ ದಿನ ಜೋಶಿ ಮತ್ತು ಡಿಸೋಜಾ ಬಂದರು. ಡಿಸೋಜಾ ವಿಮಾನ ಪರೀಕ್ಷೆ ಮಾಡಿ ಸಹಿ ಹಾಕುವ ಅಧಿಕಾರವಿದ್ದ ಇಂಜಿನಿಯರರು. ಬೆಳಗಾವಿಯಲ್ಲೇ ಹುಟ್ಟಿ ಬೆಳೆದವರು, ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮಿರಜಿನಿಂದ ಹಿಂದಿನ ರಾತ್ರಿಯಷ್ಟೇ ಬಂದಿದ್ದ ಗೌಡರು ಅವರ ಹಿಂದೆಯೇ ಶೆಡ್ಡಿಗೆ ಬಂದರು. ಡಿಸೋಜಾ ಬಾಗಿಲಲ್ಲೇ ನಿಂತುಬಿಟ್ಟರು.

“ಈ ಬಣ್ಣಾ ಯಾರು ಹಚ್ಚಿದ್ರಿ?”

“ನಾನ್ರಿ” ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. ನನ್ನನ್ನು ಬಾಲದ ಹತ್ತಿರ ಕರೆದು, ಆಡುವ ತುಂಡನ್ನು ಕೈಯಿಂದ ಎತ್ತಿ ಬಿಟ್ಟರು. ಅದು ಧಪ್ಪನೆ ಕೆಳಗೆ ಬಿತ್ತು. “ನೋಡ್ರಿ, ಇದು ಹಗುರ ಇರಬೇಕು. ತೂಕ ಹಾಕಿ, ಸಮಾ ಮಾಡಿ ಕೂಡಿಸಿರತಾರ. ನೀವು ಇದರ ಮ್ಯಾಲ ತೂಕ ಏರಿಸೀರಿ. ಮ್ಯಾಲ ಜೋರ ಹೋಗುವಾಗ ಇದು ಗಾಳಿಗೆ ಒಣಹಾಕಿದ ಧೋತರದಂಗ ಬಡಕೊಳ್ಳಾಕ ಹತ್ತತದ. ಹತ್ತಿತಂದ್ರ ಕಿತ್ತು ಹೋಗತದ. ಹಾರಿಸೋ ಮನಷ್ಯಾ ಏನ ಮಾಡಬೇಕ ಆಗ?”

ನಾನು ಜೋಶಿಯವರ ಮುಖ ನೋಡಿದೆ. ನನ್ನ ವಯಸ್ಸಿನವರೇ. ಕುತ್ತಿಗೆಯಲ್ಲಿ ಮಗಳು ಹೆಣೆದು ಕೊಟ್ಟಂಥ ಒಂದು ಮಫ್ಲರು. ನನ್ನ ಕೈ ಬಣ್ಣದ ಡಬ್ಬಿಯ ಹಿಡಿಕೆಯ ಮೇಲಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇಂಜಿನ್ನಿಗೆ ಬಣ್ಣ ಹಚ್ಚಿದಾಗ ಹೆಚ್ಚೆಂದರೆ ನೀರು ಎತ್ತುವುದು ನಿಲ್ಲುತ್ತಿತ್ತು. ಇಲ್ಲಿ ಒಬ್ಬ ಮನುಷ್ಯ ಬೀಳುತ್ತಿದ್ದ.

ಗೌಡರು ಮನೆಯ ಕಡೆ ನಡೆದರು. ಜೋಶಿ ವಾಪಸು ಹೋಗುತ್ತೇನೆ ಎಂದರು. ಆಗ ಡಿಸೋಜಾ, ಒಳಗಿನ ಕಟ್ಟಿಗೆ ನೋಡುವುದಕ್ಕೆಂದು ರೆಕ್ಕೆಯ ಕೆಳಗೆ ಚಾಕುವಿನಿಂದ ಒಂದಿಷ್ಟು ಬಟ್ಟೆ ಕೊಯ್ದರು. ಬ್ಯಾಟರಿ ಬಿಟ್ಟು ನೋಡಿದರು. ಬಹಳ ಹೊತ್ತು ನೋಡಿದರು.

“ಕಟ್ಟಿಗಿ ಹೊಸಾದ್ರಂಗ ಐತಿ” ಎಂದರು. ಆಮೇಲೆ, “ಈ ಹೊಲಿಗಿ ಯಾರದು?” ಎಂದು ಕೇಳಿದರು.

ಗೌಡರ ಮನೆಯವರದು ಎಂದು ನಾನು ಹೇಳಿದೆ. ಹಿಂದೆ ಯಾರೋ ಮಿಸ್ತ್ರಿಯೊಬ್ಬರು ಬಂದಾಗ ನೋಡಿ ಕಲಿತವರಂತೆ. ಡಿಸೋಜಾ ತಲೆ ಅಲ್ಲಾಡಿಸಿದರು. “ಜೋಶಿಯವರ, ಇಂಥಾ ಹೊಲಿಗಿ ನಿಮಗ ಬೇರೆ ಕಡೆ ಸಿಗೂದಿಲ್ಲ. ಬಟ್ಟಿ ಎಲ್ಲಾ ತಗದು ಹೊಸಾದು ಹೊದಸಬೇಕು. ಅಷ್ಟ ಮಾಡಿದ್ರ ನಾ ಸಹಿ ಮಾಡತೇನಿ.” ಜೋಶಿ ಬೇಸಿಗೆಯ ತನಕ ಕಾಯುತ್ತೇನೆ ಎಂದು ಒಪ್ಪಿದರು.

ನಾನು ಗೌಡರ ಮನೆಗೆ ಹೋಗಿ ಪಡಸಾಲೆಯ ಅಂಚಿನಲ್ಲಿ ನಿಂತೆ. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿದ್ದೆಲ್ಲ ಹಾರಿಹೋಗಿತ್ತು. “ತಪ್ಪ ಆಗೇತ್ರಿ ಗೌಡ್ರ. ಬಟ್ಟಿ ನಾ ತರಸತೇನಿ. ಹೊದಸೂ ತನಕ ನಾ ಇಲ್ಲೇ ಇರತೇನಿ” ಎಂದೆ.

ಗೌಡರು ನನ್ನ ಕಡೆ ನೋಡಲಿಲ್ಲ. ಒಳಗಿನಿಂದ ನೀಲವ್ವಾರೇ ಉತ್ತರ ಕೊಟ್ಟರು. “ಒಬ್ರಿಗೆ ಆಗೂ ಕೆಲಸ ಅಲ್ಲ ಅದು. ಆ ಕಡೆ ಸೂಜಿ ಹಿಡಿಯಾಕ ಇನ್ನೊಬ್ರು ಬೇಕ ಬೇಕು. ನಾಳೆ ಬಾ.”

ಸಾವಕಾರರು ರಜೆ ಕೊಡಲಿಲ್ಲ. ಬಿಟ್ಟು ಹೋಗುವುದಾದರೆ ಹೋಗು ಎಂದರು. ವಾರದಲ್ಲಿ ನಾಲ್ಕು ದಿನ ಅವರ ಕೆಲಸ, ಮೂರು ದಿನ ಸುರೇಬಾನ ಎಂದು ಕೊನೆಗೆ ಹೊಂದಾಣಿಕೆಯಾಯಿತು. ಆ ಚಳಿಗಾಲವೆಲ್ಲ ಹಾಗೆ ಕಳೆಯಿತು. ಮೊದಲು ಹಳೇ ಬಟ್ಟೆ ಕಿತ್ತು ತೆಗೆದೆವು. ಹಂದರ ಒರೆಸಿದೆವು. ಮುಂಬಯಿಯಿಂದ ಬಂದ ಬಟ್ಟೆಯನ್ನು ಎಳೆದು ಬಿಗಿದೆವು. ಆಮೇಲೆ ಹೊಲಿಗೆ. ರೆಕ್ಕೆಯನ್ನು ಬಿಚ್ಚಿ ಗೋಡೆಯ ಹಾಗೆ ನಿಲ್ಲಿಸಿ, ಆ ಕಡೆ ನೀಲವ್ವಾರು, ಈ ಕಡೆ ನಾನು. ಒಂದು ಮೊಳದ ಸೂಜಿ. ಮೇಣ ತಿಕ್ಕಿದ ದಾರ. ಅವರು ಚುಚ್ಚಿದ ಸೂಜಿ ನನ್ನ ಕಡೆ ಬರುತ್ತಿತ್ತು. ನಾನು ಎಳೆದು, ಒಳಗಿನ ಕಟ್ಟಿಗೆ ಪಟ್ಟಿಯ ಆ ಮಗ್ಗುಲಿನಿಂದ ತಿರುಗಿ ಚುಚ್ಚಬೇಕು. ಅವರು ಗಂಟು ಹಾಕುತ್ತಿದ್ದರು. ಗಂಟು ಹಾಕುವ ಕೆಲಸ ನನಗೆ ಎಂದೂ ಕೊಡಲಿಲ್ಲ. ತಿಂಗಳೆರಡು ತಿಂಗಳು ಹಾಗೆ ನಿಂತು ನನ್ನ ಭುಜ, ಸೊಂಟ ಹಿಡಿದುಕೊಂಡವು. ಡಿಸೋಜಾ ಹದಿನೈದು ದಿನಕ್ಕೊಮ್ಮೆ ಬಂದು ಗಂಟುಗಳನ್ನು ಉಗುರಿನಿಂದ ಎಬ್ಬಿಸಿ ನೋಡುತ್ತಿದ್ದರು. ಸಡಿಲಾದ ಗಂಟು ಅವರಿಗೆ ಒಂದೂ ಸಿಗಲಿಲ್ಲ.

ರೆಕ್ಕೆ ನಡುವೆ ಇದ್ದದ್ದರಿಂದ ನನಗೆ ಅವರ ಮುಖ ಕಾಣುತ್ತಿರಲಿಲ್ಲ. ದನಿ ಮಾತ್ರ ಕೇಳುತ್ತಿತ್ತು. ಅದಕ್ಕೇ ಇರಬೇಕು, ಎದುರು ಕೂತಿದ್ದರೆ ಆಡದ ಮಾತುಗಳನ್ನು ಅವರು ಆಡಿದರು. ಒಂದು ಮಧ್ಯಾಹ್ನ ನಾನು ಸುಮ್ಮನೆ ಕೇಳಿದೆ, “ಅಕ್ಕಾರ, ಇದರಾಗ ಕುಂತ್ರ ನಮ್ಮ ಕಡೆ ಎಲ್ಲಾ ಹೆಂಗ ಕಾಣತೈತ್ರಿ?”

ಸೂಜಿ ಬರಲಿಲ್ಲ. ರೆಕ್ಕೆಯ ಆ ಕಡೆಯಿಂದ ಅವರೆಂದರು, “ನಾ ಎಲ್ಲಿ ಕುಂತೇನೋ? ಮೊದಲ ಮಾವ್ನೋರು ಇದ್ರು, ಅವರ ಮುಂದ ಹೆಂಗ ಏರೂದು? ಆಮ್ಯಾಲ ಮಕ್ಕಳು ಸಣ್ಣವು. ಆಮ್ಯಾಲ ಅವರೂ ಕರೀಲಿಲ್ಲ, ನಾನೂ ಅನ್ನಲಿಲ್ಲ.”

ಸೂಜಿ ಬಂತು. ನಾನು ಎಳೆದುಕೊಂಡೆ.

ಫಾಲ್ಗುಣ ಮುಗಿಯುವ ಹೊತ್ತಿಗೆ ಕೆಲಸ ಮುಗಿಯಿತು. ಡಿಸೋಜಾ ಆಡುವ ತುಂಡುಗಳನ್ನು ಒಂದೊಂದಾಗಿ ತೂಗಿ ಸಮ ಮಾಡಿ ಕೂಡಿಸಿದರು. ದಿಲ್ಲಿಯಿಂದ ಬರಬೇಕಾದ ಹಾರಾಟದ ಒಪ್ಪಿಗೆಯ ಕಾಗದ ಬಂತು. ಜೋಶಿ ಒಂದು ಮುಂಜಾನೆ ಬಂದು, ಮೊದಲು ತಾವೊಬ್ಬರೇ ಹತ್ತಿ ಹೊಲದ ಮೇಲೆ ಎರಡು ಸುತ್ತು ಹಾಕಿದರು. ನಾನು ಬಾಲದ ಕಡೆಯೇ ನೋಡುತ್ತಿದ್ದೆ. ಅವರು ಇಳಿದು ಬಂದು, “ಎಕದಂ ಛಾನ್” ಎಂದರು, ಬಹಳ ಚಂದ ಐತಿ ಎಂದು. ಮರಾಠಿಯ ಅಷ್ಟು ಮಾತು ನಮಗೆಲ್ಲ ತಿಳಿಯುತ್ತಿತ್ತು. ನಾನು ಅಲ್ಲೇ ಗರಸಿನ ಮೇಲೆ ಕೂತೆ.

ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಇಳಿದು, ಪೆಟ್ರೋಲು ಹಾಕಿಸಿಕೊಂಡು, ಅಲ್ಲಿಂದ ಪುಣೆಗೆ ಹೋಗುವುದು ಜೋಶಿಯವರ ವಿಚಾರ. ಗೌಡರ ಮುಖ ನೋಡಿ ಅವರಿಗೆ ಏನನ್ನಿಸಿತೋ, “ಗೌಡ್ರ, ಸಾಂಬ್ರಾದ ತನಕ ಹಿಂದಿನ ಸೀಟು ಖಾಲಿ ಆಹೆ. ಬರತೀರಿ?” ಎಂದರು.

ಗೌಡರ ಮುಖ ಅರಳಿದ್ದನ್ನು ನಾನು ಒಂದು ವರ್ಷದಲ್ಲಿ ಕಂಡಿರಲಿಲ್ಲ. ಕೋಟಿನ ಗುಂಡಿ ಹಾಕಿಕೊಳ್ಳುತ್ತಾ ವಿಮಾನದ ಕಡೆ ನಡೆದರು. ಒಂದು ಕಾಲು ಮೆಟ್ಟಿಲಿನ ಮೇಲೆ ಇಟ್ಟಿದ್ದರು.

“ನಾ ಹೋಗತೇನಿ” ಎಂದರು ನೀಲವ್ವ.

ಜೋರಾಗಿ ಹೇಳಲಿಲ್ಲ. ಆದರೆ ಅಲ್ಲಿದ್ದ ಎಲ್ಲರಿಗೂ ಕೇಳಿಸಿತು. ಗೌಡರು ತಿರುಗಿ ನೋಡಿದರು. ಕಣ್ಣು ಮಂಜಾಗಿತ್ತಲ್ಲ, ಯಾರು ಮಾತಾಡಿದರೆಂದು ತಿಳಿಯಲು ಅವರಿಗೆ ಒಂದು ಕ್ಷಣ ಬೇಕಾಯಿತು.

“ನೀನ?”

“ಹೂಂ. ನಾನ.”

ಗೌಡರು ಕಾಲು ಕೆಳಗೆ ತೆಗೆದರು. ಆಮೇಲೆ ಕೈ ಹಿಡಿದು ಅವರನ್ನು ಹತ್ತಿಸಿದರು. ಬೆಲ್ಟು ತಾವೇ ಕಟ್ಟಿದರು. ಬೆರಳು ತಡವರಿಸಿ ಎರಡು ಸಲ ತಪ್ಪಿತು. ನೀಲವ್ವ ಸೆರಗನ್ನು ಸೊಂಟಕ್ಕೆ ಬಿಗಿದುಕೊಂಡು ನೆಟ್ಟಗೆ ಕೂತರು. ಇಂಜಿನ್ನು ಚಾಲೂ ಆಯಿತು. ಧೂಳಿನಲ್ಲಿ ಓಡುತ್ತಾ ಓಡುತ್ತಾ ವಿಮಾನ ಎದ್ದಿತು, ಹೊಲದ ಮೇಲೆ ಒಂದು ಸುತ್ತು ಹಾಕಿತು, ಪಡುವಣ ಕಡೆ ಸಣ್ಣದಾಗುತ್ತಾ ಹೋಯಿತು. ಸದ್ದು ನಿಂತ ಮೇಲೂ ಗೌಡರು ಆ ಕಡೆಯೇ ಮುಖ ಮಾಡಿ ನಿಂತಿದ್ದರು. ಅವರಿಗೆ ಅಷ್ಟು ದೂರದ್ದು ಕಾಣುತ್ತಿರಲಿಲ್ಲ.

“ಎದ್ದದ್ದು ಸೀದಾ ಎದ್ದಿತೇನು?” ಎಂದು ನನ್ನನ್ನು ಕೇಳಿದರು.

“ಸೀದಾ ಎದ್ದಿತ್ರಿ ಗೌಡ್ರ.”

ನಾವಿಬ್ಬರೂ ಬಸ್ಸು ಹಿಡಿದು ಹೊರಟೆವು. ವಿಮಾನ ಒಂದು ತಾಸಿನೊಳಗೆ ಮುಟ್ಟಿದ ಜಾಗಕ್ಕೆ ನಾವು ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ನೀಲವ್ವ ಸಾಂಬ್ರಾದಲ್ಲಿ ಒಂದು ಬೆಂಚಿನ ಮೇಲೆ ಕೂತಿದ್ದರು. ಗಾಳಿಗೆ ಕೂದಲು ಕೆದರಿತ್ತು. ಅದನ್ನು ಸರಿ ಮಾಡಿಕೊಂಡಿರಲಿಲ್ಲ. ಜೋಶಿ ಆಗಲೇ ಪುಣೆಯ ಹಾದಿ ಹಿಡಿದಿದ್ದರು.

ತಿರುಗಿ ಬರುವ ಬಸ್ಸಿನಲ್ಲಿ ಅವರಿಬ್ಬರೂ ಒಂದು ಸೀಟಿನಲ್ಲಿ, ನಾನು ಅವರ ಹಿಂದೆ. ಗೌಡರು ಏನಾದರೂ ಕೇಳಿಯಾರು ಎಂದು ನಾನು ಕಾಯುತ್ತಿದ್ದೆ. ಬಹಳ ದೂರ ಬಂದ ಮೇಲೆ ನೀಲವ್ವಾರೇ ಮಾತು ತೆಗೆದರು. ಕಿಟಕಿಯ ಹೊರಗೆ ನೋಡುತ್ತಾ ಹೇಳಿದರು.

“ನಮ್ಮ ಮನಿ ಹಿತ್ತಲದಾಗ ಒಣಹಾಕಿದ ಸೀರಿ ಸೈತ ಕಾಣ್ತು. ಮುಂದ ತೊರಗಲ್ಲ ಕೋಟಿ, ಹೊಳಿ. ಎಡಕ್ಕ ದೂರದಾಗ ಡ್ಯಾಮಿನ ನೀರು, ಬಿಸಲಾಗ ಕಣ್ಣ ಕುಕ್ಕತಿತ್ತು. ಇಷ್ಟ ವರ್ಷ ನೀವು ಇದನ್ನೆಲ್ಲಾ ನೋಡಿ, ಮನಿಗೆ ಬಂದು, ಕೈಕಾಲ ತೊಳಕೊಂಡು ಊಟಕ್ಕ ಕುಂದರತಿದ್ರಿ. ಒಂದ್ ದಿನಾನೂ ನನಗ ಹೇಳಲಿಲ್ಲಲ್ರೀ.”

ಬಸ್ಸು ಎರಡು ಊರು ದಾಟಿತು. ಕಂಡಕ್ಟರು ಒಮ್ಮೆ ಬಂದು ಹೋದ. ನನಗೆ ಕಣ್ಣು ಎಳೆಯುತ್ತಿತ್ತು. ವರ್ಷದ ದಣಿವೆಲ್ಲ ಒಮ್ಮೆಲೇ ಮೈಮೇಲೆ ಬಂದ ಹಾಗಿತ್ತು. ಆಗ ಮುಂದಿನ ಸೀಟಿನಿಂದ ಗೌಡರ ದನಿ ಕೇಳಿತು.

“ಯಾವ ಸೀರಿ ಕಂಡಿತು?”

“ಹಸರ ಅಂಚಿಂದು. ನಿನ್ನೆ ಒಗದದ್ದು.”

“ನೆಲದ ಮ್ಯಾಲ ನಮ್ಮ ನೆಳ್ಳು ಓಡತಿತ್ತಲ್ಲಾ, ನೋಡಿದ್ಯಾ?”

“ನೋಡಿದೆ. ಹೊಳಿ ದಾಟೂ ಮುಂದ ನೀರಾಗೂ ಕಾಣ್ತು.”

“ಅಲ್ಲೇ ಒಮ್ಮೆ ಕೊಕ್ಕರಿ ಹಿಂಡ ಎದ್ದು ನನ್ನ ಕೂಡ ಬಂದಿದ್ದವು” ಎಂದರು ಗೌಡರು. “ಮಳಿಗಾಲ ಮುಗದಿತ್ತು. ನಮ್ಮ ಶಿವರುದ್ರ ಹುಟ್ಟಿದ ವರ್ಷ…”

ಬೈಲಹೊಂಗಲ ಬಂತು. ಬಸ್ಸು ಸವದತ್ತಿ ಮೇಲೆ ರಾಮದುರ್ಗಕ್ಕೆ ಹೋಗುವುದಿತ್ತು. ನಾನು ಚೀಲ ತೆಗೆದುಕೊಂಡು ಎದ್ದು ಅವರ ಸೀಟಿನ ಪಕ್ಕ ನಿಂತು, “ಬರತೇನ್ರಿ ಗೌಡ್ರ, ಬರತೇನ್ರಿ ಅಕ್ಕಾರ” ಎಂದೆ. ಗೌಡರು ಕೈ ಎತ್ತಿ ಕೊಕ್ಕರೆಗಳು ಹೇಗೆ ತಿರುಗಿದವೆಂದು ತೋರಿಸುತ್ತಿದ್ದರು. ಇಬ್ಬರಿಗೂ ನನ್ನ ಮಾತು ಕೇಳಿಸಲಿಲ್ಲ. ನಾನು ಇಳಿದುಕೊಂಡೆ.